ಹಿಂದೆ ನೋಡಿದ ಹನ್ನೆರಡು ಸಾಲು ಗಿಳಿ

1997ರಲ್ಲಿ ನಾನು ಚಳ್ಳಕೆರೆಯ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕಿಯಾಗಿದ್ದೆ. ವಿಭಾಗಕ್ಕೆ ನಾನೊಬ್ಬಳೇ ಇದ್ದದ್ದರಿಂದ ಮುಖ್ಯಸ್ಥೆಯೂ ನಾನೇ, ಕೀಬೋರ್ಡಿನ ಮೇಲಿನ ಧೂಳು ಒರೆಸುವವಳೂ ನಾನೇ. ಲ್ಯಾಬ್ ಎಂದು ಬೋರ್ಡು ಹಾಕಿದ್ದ ಕೋಣೆಯಲ್ಲಿ ಐದು ಕಂಪ್ಯೂಟರ್ ಇದ್ದವು, ಕೆಲಸ ಮಾಡುತ್ತಿದ್ದದ್ದು ಮೂರು. ಹಿಂದಿನ ಬೀದಿಯ ಎಣ್ಣೆ ಮಿಲ್ಲಿನಿಂದ ದಿನವಿಡೀ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಕರೆಂಟು ಮಾತ್ರ ತನಗೆ ಮನಸ್ಸು ಬಂದಾಗ ಬರುತ್ತಿತ್ತು.

ಪಾಠದ ಜೊತೆಗೆ ನಾನು ಪಿಎಚ್‌ಡಿಗೆ ನೋಂದಾಯಿಸಿಕೊಂಡಿದ್ದೆ. ವಿಷಯ, ಲ್ಯಾಂಬ್ಡಾ ಕ್ಯಾಲ್ಕುಲಸ್ ಎಂಬ ಲೆಕ್ಕದ ಭಾಷೆಯನ್ನು ಕಂಪ್ಯೂಟರಿನಲ್ಲಿ ಕಡಿಮೆ ಶ್ರಮದಿಂದ ಬಿಡಿಸುವುದು ಹೇಗೆ ಎಂಬುದು. ಹೆಸರು ಕೇಳಿ ಪುಟ ಮಗುಚಬೇಡಿ, ಒಳಗಿರುವುದು ಅಡುಗೆಮನೆಯ ತಿಳಿವಳಿಕೆ. ಒಂದು ಜಾಗ ಖಾಲಿ ಬಿಟ್ಟ ಮಾತನ್ನು ಊಹಿಸಿಕೊಳ್ಳಿ: "ಇಂಥದ್ದನ್ನು ಹುರಿದು ಪುಡಿ ಮಾಡು." ಆ 'ಇಂಥದ್ದು' ಇರುವ ಕಡೆ ಶೇಂಗಾ ಇಟ್ಟರೆ ಶೇಂಗಾಪುಡಿ, ಅಗಸೆ ಇಟ್ಟರೆ ಅಗಸೆಪುಡಿ. ಜಾಗ ಬಿಟ್ಟ ಮಾತಿಗೆ ಫಂಕ್ಷನ್ ಎನ್ನುತ್ತೇವೆ. ಒಂದು ಫಂಕ್ಷನ್ನಿನ ಖಾಲಿ ಜಾಗದಲ್ಲಿ ಇನ್ನೊಂದು ಫಂಕ್ಷನ್ನನ್ನೂ ಇಡಬಹುದು. ತುಂಬುತ್ತಾ ಹೋಗಿ, ಇನ್ನು ತುಂಬಲು ಏನೂ ಉಳಿಯದಿದ್ದಾಗ ಸಿಗುವುದೇ ಉತ್ತರ.

ತೊಡಕು ಬರುವುದು ಆ ಖಾಲಿ ಜಾಗ ಒಂದೇ ಮಾತಿನಲ್ಲಿ ಮೂರು ಕಡೆ ಇದ್ದಾಗ. ದಡ್ಡ ವಿಧಾನದಲ್ಲಿ ಕಂಪ್ಯೂಟರ್ ಇನ್ನೂ ಮಾಡದೇ ಇರುವ ಕೆಲಸವನ್ನೇ ಮೂರು ಕಡೆ ನಕಲು ಮಾಡಿಕೊಳ್ಳುತ್ತದೆ, ಆಮೇಲೆ ಮೂರನ್ನೂ ಬೇರೆ ಬೇರೆಯಾಗಿ ಮಾಡುತ್ತದೆ. ಮೂರು ಪಲ್ಯಕ್ಕೆ ಶೇಂಗಾಪುಡಿ ಬೇಕೆಂದು ಮೂರು ಸಲ ಬಾಣಲೆ ಇಟ್ಟ ಹಾಗೆ. ಇದಕ್ಕೆ ಬಲ್ಲವರು ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದರು: ಕೆಲಸವನ್ನು ಒಂದೇ ಕಡೆ ಇಟ್ಟು, ಅದು ಬೇಕಾದ ಕಡೆಗಳಿಂದೆಲ್ಲ ಅದಕ್ಕೆ ಬಾಣ ಹಾಕಿ. ಒಮ್ಮೆ ಹುರಿದರೆ ಮೂರೂ ಪಲ್ಯಕ್ಕಾಯಿತು. ಹೀಗೆ ಗಂಟುಗಳೂ ಬಾಣಗಳೂ ಸೇರಿ ಆಗುವ ಜಾಲಕ್ಕೆ ಗ್ರಾಫ್ ಎಂದು ಹೆಸರು. ಒಂದೇ ಗಂಟನ್ನು ಹಲವರು ಹಂಚಿಕೊಳ್ಳುವುದಕ್ಕೆ ಶೇರಿಂಗ್ ಎನ್ನುತ್ತಾರೆ.

ಇದರ ಒಂದು ಚಿಕ್ಕ ಮಾದರಿಯನ್ನು ನಾನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಬೆಂಗಳೂರಿನ ನನ್ನ ಮಾರ್ಗದರ್ಶಕರಿಗೆ ಕಳಿಸಿದ್ದೆ. ಅವರು ಪತ್ರ ಬರೆದರು: "ಎರಡಕ್ಕೆ ಎರಡು ಕೂಡಿಸಿ ಎಷ್ಟು ದಿನ ತೋರಿಸುತ್ತೀರಿ? ಯಾರಿಗಾದರೂ ಬೇಕಾಗುವ ಒಂದು ನಿಜವಾದ ಉದಾಹರಣೆ ತನ್ನಿ." ನನಗೆ ಸಿಟ್ಟು ಬಂತು. ಚಳ್ಳಕೆರೆಯಲ್ಲಿ ಲ್ಯಾಂಬ್ಡಾ ಕ್ಯಾಲ್ಕುಲಸ್ ಯಾರಿಗೆ ಬೇಕು? ಎಪಿಎಂಸಿಯಲ್ಲಿ ಶೇಂಗಾ ಹರಾಜು ಕೂಗುವವರಿಗೋ?

ಉದಾಹರಣೆ ತಾನಾಗಿ ಬಂತು. ಆ ವರ್ಷ ಮೊಳಕಾಲ್ಮುರಿನ ನೇಕಾರರಿಗೆ ಕಂಪ್ಯೂಟರ್ ಪರಿಚಯ ಮಾಡಿಸುವ ಒಂದು ತರಬೇತಿ ನಡೆಯಿತು. ಭಾನುವಾರದ ಪಾಠ ನನ್ನ ತಲೆಗೆ ಬಿತ್ತು. ಬಳ್ಳಾರಿ ಬಸ್ಸು ಹತ್ತಿ, ದಾರಿಯಲ್ಲಿ ಹಾನಗಲ್ ಎಂಬ ಹಳ್ಳಿಯಲ್ಲಿ ಇಳಿದು, ಅಲ್ಲಿಂದ ಸಿಕ್ಕ ಗಾಡಿಯಲ್ಲಿ ಮೊಳಕಾಲ್ಮುರು ಸೇರುವ ಹೊತ್ತಿಗೆ ಧೂಳಿಗೆ ಸೀರೆಯ ಬಣ್ಣವೇ ಬದಲಾಗಿರುತ್ತಿತ್ತು. ಇಪ್ಪತ್ತು ಜನ ಸೇರಿದ್ದ ಆ ಕ್ಲಾಸಿನಲ್ಲಿ ಹೆಂಗಸು ಎಂದರೆ ಸರೋಜ ಒಬ್ಬಳೇ. ಮೂವತ್ತರ ಆಸುಪಾಸು, ಮನೆಯ ಮಗ್ಗ ನಡೆಸುತ್ತಿದ್ದವಳು. ಮೂರನೆಯ ಭಾನುವಾರ ಎಲ್ಲರೂ ಎದ್ದುಹೋದ ಮೇಲೆ ಅವಳು ಉಳಿದುಕೊಂಡಳು.

"ಮೇಡಂ, ಇದ್ರಾಗೆ ನಮ್ಮಪ್ಪನ ಸೆರಗು ಇಟ್ಕಳಕ್ಕೆ ಆಗ್ತೈತಾ?"

ಅವಳ ಅಪ್ಪ ಮಾರ್ಕಂಡಪ್ಪ. ವಯಸ್ಸು ಎಪ್ಪತ್ತರ ಹತ್ತಿರ, ನಲವತ್ತು ವರ್ಷ ಸೀರೆಗಳಿಗೆ ವಿನ್ಯಾಸ ಮಾಡಿದವರು. ಮಗ್ಗದ ಮೇಲೆ ಜಕಾರ್ಡ್ ಎಂಬ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಹಾಕುತ್ತಾರೆ. ಒಂದೊಂದು ಸಲ ಲಾಳಿ ಓಡುವುದಕ್ಕೂ ಒಂದೊಂದು ಕಾರ್ಡು. ತೂತಿದ್ದ ಕಡೆ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಹೀಗೆ ಕಾರ್ಡಿಗೊಂದು ಗೆರೆಯಂತೆ ಚಿತ್ರ ಮೂಡುತ್ತದೆ. ಸರ ಒಂದು ಸುತ್ತು ಮುಗಿದರೆ ಅದೇ ಕಾರ್ಡುಗಳು ಮತ್ತೆ ಬರುತ್ತವೆ. ಆ ತೂತುಗಳನ್ನು ಎಲ್ಲೆಲ್ಲಿ ಹೊಡೆಯಬೇಕು ಎಂದು ಚೌಕುಳಿ ಹಾಳೆಯ ಮೇಲೆ ನಿರ್ಧರಿಸುವುದೇ ಮಾರ್ಕಂಡಪ್ಪನವರ ಕಸುಬಾಗಿತ್ತು.

ಅವರ ವಿನ್ಯಾಸಗಳಲ್ಲೆಲ್ಲ ಹೆಸರಾಗಿದ್ದದ್ದು ಗಿಳಿಸಾಲಿನ ಸೆರಗು. ಹನ್ನೆರಡು ಸಾಲು ಗಿಳಿಗಳು. ಒಂದು ಸಾಲಿನವು ಮುಂದೆ ನೋಡುತ್ತವೆ, ಅದರ ಮೇಲಿನ ಸಾಲಿನವು ಕತ್ತು ತಿರುಗಿಸಿ ಹಿಂದೆ ನೋಡುತ್ತವೆ, ಮತ್ತೆ ಮುಂದೆ, ಮತ್ತೆ ಹಿಂದೆ. ಹದಿನೈದು ವರ್ಷದಿಂದ ಅದನ್ನು ಯಾರೂ ನೇಯ್ದಿರಲಿಲ್ಲ. ಅಟ್ಟದ ಮೇಲಿದ್ದ ಅದರ ಕಾರ್ಡುಗಳನ್ನೂ ಹಾಳೆಯನ್ನೂ ಗೆದ್ದಲು ತಿಂದುಹಾಕಿತ್ತು. ಹಳೆಯ ಸೀರೆಯೊಂದಿದ್ದರೆ ಎಳೆ ಎಣಿಸಬಹುದಲ್ಲ ಎಂದೆ. ಸರೋಜ ನಕ್ಕಳು. "ನೇಯೋರ ಮನ್ಯಾಗೆ ಎಲ್ಲನ ಸೀರೆ ಉಳೀತಾವಾ ಮೇಡಂ?"

ಈಗ ಆ ಸೆರಗು ಉಳಿದಿದ್ದದ್ದು ಮಾರ್ಕಂಡಪ್ಪನವರ ತಲೆಯಲ್ಲಿ ಮಾತ್ರ. ಅವರಿಗೆ ಗ್ಲಾಕೋಮಾ. ದಾವಣಗೆರೆಯ ಡಾಕ್ಟರು ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದು ಆರು ತಿಂಗಳು ಇದ್ದರೆ ಹೆಚ್ಚು ಎಂದು ಹೇಳಿ ಕಳಿಸಿದ್ದರು. ಚೌಕುಳಿ ಹಾಳೆ ಆಗಲೇ ಅವರಿಗೆ ಕಾಣುತ್ತಿರಲಿಲ್ಲ. ಮಗ್ಗದ ಮೇಲಿನ ದೊಡ್ಡ ಚಿತ್ರ, ಅದೂ ಬೆಳಗಿನ ಹೊತ್ತು ಬಾಗಿಲಿನಿಂದ ಬಿಸಿಲು ಬಿದ್ದಾಗ, ಕಾಣುತ್ತಿತ್ತು. ಸರೋಜಳಿಗೆ ನೇಯಲು ಬರುತ್ತಿತ್ತು, ಕಾರ್ಡಿಗೆ ತೂತು ಹೊಡೆಯಲೂ ಬರುತ್ತಿತ್ತು. ವಿನ್ಯಾಸ ಹಾಕುವುದನ್ನು ಮಾತ್ರ ಅಪ್ಪ ಕಲಿಸಿರಲಿಲ್ಲ. ಅದು ಗಂಡಸರ ಕೆಲಸ ಎಂದು ಗಂಡುಮಗನಿಗಾಗಿ ಕಾದು, ಮಗ ಹುಟ್ಟದೆ, ಕೊನೆಗೆ ಕಣ್ಣೂ ಹೋಗುವ ಹೊತ್ತು ಬಂದಿತ್ತು.

"ಅಪ್ಪನ ಕಣ್ಣಿರೋವಾಗ್ಲೇ ಒಂದೇ ಒಂದು ಸಲ ಆ ಸೆರಗು ಮಗ್ಗದ ಮ್ಯಾಲೆ ಬರ್ಬೇಕು ಮೇಡಂ. ನಾನು ನೇಯ್ದಿದ್ದು ಅಂತ ಅವ್ರು ನೋಡ್ಬೇಕು. ಅಷ್ಟೇ ನಂಗೆ."

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಮಾರ್ಕಂಡಪ್ಪನವರು ಗೋಡೆಗೆ ಒರಗಿ ಕೂತು, ಮುಖ ಸ್ವಲ್ಪ ವಾರೆ ಮಾಡಿ, ಕಣ್ಣಿನ ಅಂಚಿನಿಂದ ನನ್ನನ್ನು ಅಳೆದರು. ಮನೆಯಲ್ಲಿ ಮಗಳೊಡನೆ ಹೆಚ್ಚಾಗಿ ತೆಲುಗು, ನನ್ನೊಡನೆ ಕನ್ನಡ.

"ಬರ್ಕಳ್ರಿ ತಾಯಿ. ಒಂದು ಗಿಳಿ. ಅದ್ರ ಮೈ ಹೇಳ್ತೀನಿ. ತಲೆ ಯಾವ್ದು ಅಂತ ಆಮ್ಯಾಕೆ ಹೇಳ್ತೀನಿ, ಜಾಗ ಬಿಟ್ಕಳ್ರಿ. ಅಂಥ ಗಿಳಿ ಪಕ್ಕದಾಗೆ ಇನ್ನೊಂದು, ಜೋಡಿ ಆತು. ಜೋಡಿಗೊಂದು ಜೋಡಿ, ಸಾಲಾತು."

ನನ್ನ ಪೆನ್ನು ನಿಂತುಬಿಟ್ಟಿತು. ಜಾಗ ಬಿಟ್ಟುಕೊಳ್ಳುವುದು, ಆಮೇಲೆ ತುಂಬುವುದು, ಮಾಡಿದ್ದನ್ನೇ ಮತ್ತೆ ಬಳಸುವುದು. ನಾನು ಪಾಠ ಮಾಡುವ ವಿಷಯವನ್ನು ಈ ಮನುಷ್ಯ ಗೋಡೆಗೆ ಒರಗಿಕೊಂಡು ಹೇಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಾನು ಉದಾಹರಣೆಗಾಗಿ ಬೆಂಗಳೂರಿನ ಲೈಬ್ರರಿಗಳನ್ನು ಜಾಲಾಡಿದ್ದೆ.

ನಾಲ್ಕು ಭಾನುವಾರ ಕೂತು ಬರೆದುಕೊಂಡೆ. ಒಂದು ಗಿಳಿಗೆ ಅಗಲ ಅರವತ್ತು ಎಳೆ, ಎತ್ತರ ಅರವತ್ತನಾಲ್ಕು ಕಾರ್ಡು. ಅದರಲ್ಲಿ ಮೈಗೆ ಐವತ್ತಮೂರು, ಮೇಲಿನ ಹನ್ನೊಂದು ತಲೆಗೆ. ಸಾಲಿಗೆ ನಾಲ್ಕು ಗಿಳಿ. ಅವರು "ಮೂರು ಎತ್ತು, ಎರಡು ಬಿಡು" ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋಗುವರು, ನಾನು ಚುಕ್ಕೆ ಇಡುತ್ತಾ ಹೋಗುವೆ. ಒಂದು ಕಡೆ ನಾನು ಎಣಿಕೆ ತಪ್ಪಿದಾಗ ಅವರು ಬೆಕ್ಕಸ ಬೆರಗಾಗಿ ಕೇಳಿದರು: "ನೀವು ಲೆಕ್ಕದ ಮೇಡಮ್ಮ ಅಲ್ವೇನ್ರಿ?" ಸರೋಜ ಸೆರಗು ಬಾಯಿಗೆ ಹಿಡಿದು ನಕ್ಕಳು. ಕೊನೆಯ ದಿನ ಅವರೇ ಹೇಳಿದರು, "ಒಟ್ಟು ಎಪ್ಪತ್ತೈದು ಕಾರ್ಡು ಹೊಡೆದ್ರೆ ಸಾಕು ತಾಯಿ, ಇಡೀ ಸೆರಗಿಗೆ ಆತದೆ." ನಾನು ಅದನ್ನು ಬರೆದುಕೊಂಡೆ, ಅದರ ಕೆಳಗೆ ಗೆರೆಯನ್ನೂ ಎಳೆದೆ. ಯೋಚಿಸಲಿಲ್ಲ.

ಚಳ್ಳಕೆರೆಗೆ ಬಂದು ಅವರು ಹೇಳಿದ್ದನ್ನೆಲ್ಲ ಲ್ಯಾಂಬ್ಡಾ ಭಾಷೆಯಲ್ಲಿ ಬರೆದೆ. ಮೊದಲು, ಹೋಲಿಕೆಗೆಂದು ದಡ್ಡ ವಿಧಾನವನ್ನೇ ಓಡಿಸಿದೆ. ನಮ್ಮ ಕಂಪ್ಯೂಟರಿನಲ್ಲಿ ಪ್ರೋಗ್ರಾಮಿಗೆ ಸಿಗುತ್ತಿದ್ದ ಮೆಮೊರಿ 640 ಕಿಲೋಬೈಟ್‌ಗಿಂತ ಕಡಿಮೆ. ಇಂದಿನ ಒಂದು ಫೋಟೋಗೂ ಸಾಲದು. ಹನ್ನೆರಡು ಸಾಲಿಗೆ ನಾಲ್ಕು ನಾಲ್ಕರಂತೆ ನಲವತ್ತೆಂಟು ಗಿಳಿ. ಯಂತ್ರ ಒಂದೇ ಗಿಳಿಯನ್ನು ಮತ್ತೆ ಮತ್ತೆ ಮೊದಲಿನಿಂದ ಬಿಡಿಸುತ್ತಾ ಹೋಗಿ ಮೂರನೆಯ ಸಾಲಿನಲ್ಲಿ ಮೆಮೊರಿ ಮುಗಿಯಿತು ಎಂದು ನಿಂತಿತು.

ಆಮೇಲೆ ಹಂಚಿಕೆಯ ಗ್ರಾಫ್ ವಿಧಾನ ಬರೆಯಲು ಕೂತೆ. ಪರೀಕ್ಷೆ, ಮೌಲ್ಯಮಾಪನ, ಕರೆಂಟಿಲ್ಲದ ಮಧ್ಯಾಹ್ನಗಳ ನಡುವೆ ಅದು ಮುಗಿಯುವ ಹೊತ್ತಿಗೆ ನವೆಂಬರ್ ಬಂದಿತ್ತು. ಒಂದು ಬೆಳಗ್ಗೆ ಓಡಿಸಿದೆ. ನಾಲ್ಕು ನಿಮಿಷಕ್ಕೆ ಮುಗಿಯಿತು. ಹನ್ನೆರಡು ಸಾಲೂ ಪೂರ್ತಿ. ಕೊನೆಯಲ್ಲಿ ಪ್ರೋಗ್ರಾಮ್ ಒಂದು ಸಾಲು ಬರೆಯಿತು: ಬೇಕಾದ ಬೇರೆ ಬೇರೆ ಕಾರ್ಡುಗಳು, 64.

ಅರವತ್ತನಾಲ್ಕು! ಮಾರ್ಕಂಡಪ್ಪನವರು ಹೇಳಿದ್ದು ಎಪ್ಪತ್ತೈದು. ನಲವತ್ತು ವರ್ಷದ ಅನುಭವಕ್ಕಿಂತ ನನ್ನ ಪ್ರೋಗ್ರಾಮ್ ಹನ್ನೊಂದು ಕಾರ್ಡು ಉಳಿಸಿತ್ತು. ಸ್ಟಾಫ್ ರೂಮಿಗೆ ಹೋಗಿ ಎಲ್ಲರಿಗೂ ನನ್ನ ಖರ್ಚಿನಲ್ಲಿ ಟೀ ತರಿಸಿದೆ. ಮಾರ್ಗದರ್ಶಕರಿಗೆ ಮೂರು ಪುಟದ ಪತ್ರ ಬರೆದೆ, ಅದರಲ್ಲಿ 'ನಿರೀಕ್ಷೆಗೂ ಮೀರಿದ' ಎಂಬ ಮಾತನ್ನು ಎರಡು ಸಲ ಬಳಸಿದ್ದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಅರವತ್ತನಾಲ್ಕು ಕಾರ್ಡಿನ ಚುಕ್ಕೆಗಳನ್ನೂ, ಯಾವ ಸಾಲಿಗೆ ಯಾವ ಕಾರ್ಡು ಎಂಬ ಪಟ್ಟಿಯನ್ನೂ ಅಚ್ಚು ಹಾಕಿಸಿ ಮೊಳಕಾಲ್ಮುರಿಗೆ ಒಯ್ದೆ.

ಸರೋಜ ಹಾಳೆಗಳನ್ನು ನೆಲದ ಮೇಲೆ ಹರವಿ ನೋಡಿದಳು. ಬಹಳ ಹೊತ್ತು ನೋಡಿದಳು.

"ತಲೆ ಕಾರ್ಡು ಎರಡು ಥರ ಬರ್ಬೇಕಲ್ವಾ ಮೇಡಂ? ಒಂದೇ ಥರ ಐತಲ್ಲ."

"ಕಂಪ್ಯೂಟರ್‌ಗೆ ಅದು ಬೇಕಾಗಿಲ್ಲಮ್ಮ" ಎಂದೆ. "ಅದು ಉಳಿಸಿದೆ. ಪಟ್ಟಿ ಹೇಳಿದ ಹಾಗೆ ಹಾಕು."

ಈ ಮಾತನ್ನು ನಾನು ಹೇಳಿದ್ದು ಯಾವ ಧೈರ್ಯದ ಮೇಲೆ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಕಾರ್ಡನ್ನು ಮಗುಚಿ ಹಾಕಿದರೆ ಮುಖ ತಿರುಗುತ್ತದೇನೋ, ಪಟ್ಟಿಯಲ್ಲಿ ಅಂಥ ಏನೋ ಇರಬೇಕು ಎಂದು ಮಸುಕಾಗಿ ಅಂದುಕೊಂಡಿದ್ದೆ. ಬಿಡಿಸಿ ನೋಡಲಿಲ್ಲ. ಪ್ರಿಂಟರಿನ ರಿಬ್ಬನ್ ಸವೆದಿತ್ತು, ಇಡೀ ಸೆರಗನ್ನು ಅಚ್ಚು ಹಾಕಿಸಿ ನೋಡುವ ತಾಳ್ಮೆಯೂ ನನಗಿರಲಿಲ್ಲ. ಮಾರ್ಕಂಡಪ್ಪನವರು ಆ ದಿನ ಕಣ್ಣಿನ ಡಾಕ್ಟರ ಹತ್ತಿರ ದಾವಣಗೆರೆಗೆ ಹೋಗಿದ್ದರು. ಸರೋಜ ಮತ್ತೆ ಕೇಳಲಿಲ್ಲ, ಕಾಲೇಜಿನ ಮೇಡಂ ಹೇಳಿದ ಮೇಲೆ ಮುಗಿಯಿತು.

ಮಗ್ಗದ ಲೆಕ್ಕ ಕಂಪ್ಯೂಟರಿನ ಲೆಕ್ಕದಂತಲ್ಲ. ಕಾರ್ಡು ಹೊಡೆಯುವುದು ಕೈಕೆಲಸ, ಒಂದೊಂದು ಕಾರ್ಡಿಗೂ ಇನ್ನೂರ ನಲವತ್ತು ಜಾಗ ನೋಡಬೇಕು. ಮನೆಗೆಲಸ ಮುಗಿಸಿ ದಿನಕ್ಕೆ ನಾಲ್ಕೋ ಐದೋ ಆಗುತ್ತಿತ್ತು. ಜೊತೆಗೆ ಒಂದು ಸೀರೆಗೆ ಒಂದೇ ಸೆರಗು. ಆಗ ಮಗ್ಗದ ಮೇಲಿದ್ದ ಸೀರೆಯ ಒಡಲು ಮುಗಿದು ಸೆರಗಿನ ಜಾಗ ಬರುವವರೆಗೆ ಕಾಯಬೇಕು. ಅಂತೂ ಗಿಳಿಸಾಲು ಮಗ್ಗ ಹತ್ತಿದ್ದು 1998ರ ಜನವರಿಯಲ್ಲಿ. ಸೆರಗು ಮುಗಿಯುವ ದಿನ ಬನ್ನಿ ಎಂದು ಸರೋಜ ಪಕ್ಕದ ಅಂಗಡಿಯ ಫೋನಿನಿಂದ ಕಾಲೇಜಿಗೆ ಫೋನು ಮಾಡಿದಳು. ಅವಳ ದನಿಯಲ್ಲಿ ಸಂತೋಷ ಇರಲಿಲ್ಲ ಎಂಬುದನ್ನು ನಾನು ಫೋನಿನ ಕೆಟ್ಟ ಲೈನಿನ ಮೇಲೆ ಹಾಕಿದೆ.

ನಾನು ಹೋದಾಗ ಬೆಳಗಿನ ಹತ್ತು ದಾಟಿತ್ತು. ಬಾಗಿಲಿನ ಬಿಸಿಲು ನೇರ ಮಗ್ಗದ ಮೇಲೆ ಬಿದ್ದಿತ್ತು. ಸರೋಜ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದಳು, ತಲೆ ಎತ್ತಲಿಲ್ಲ. ಮಾರ್ಕಂಡಪ್ಪನವರು ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿ, ಮುಖ ವಾರೆ ಮಾಡಿಕೊಂಡು, ಒಂದೊಂದೇ ಸಾಲು ನೋಡುತ್ತಿದ್ದರು. ಕೆಂಪು ರೇಷ್ಮೆಯ ಮೇಲೆ ಜರಿಯ ಗಿಳಿಗಳು. ಎಷ್ಟು ಚೆನ್ನಾಗಿದ್ದವೆಂದರೆ ನನಗೆ ಮೊದಲು ತಪ್ಪು ಕಾಣಲೇ ಇಲ್ಲ.

ಅವರು ನನಗಲ್ಲ, ಮಗಳಿಗೆ ಹೇಳಿದರು: "ಅನ್ನೀ ಎನಕ್ಕೇ ಚೂಸ್ತಾಂಡಾಯಿ ಕದಮ್ಮಾ." ಎಲ್ಲವೂ ಹಿಂದೆಯೇ ನೋಡುತ್ತಿವೆಯಲ್ಲಮ್ಮ.

ಹೌದು. ಹನ್ನೆರಡು ಸಾಲಿನ ಅಷ್ಟೂ ಗಿಳಿಗಳು ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದವು.

ಸರೋಜಳಿಗೆ ಎರಡನೆಯ ಸಾಲಿನಲ್ಲೇ ಗೊತ್ತಾಗಿತ್ತು. ಆದರೆ ಹತ್ತಿಸಿದ ಸೆರಗನ್ನು ನಡುವೆ ಕತ್ತರಿಸುವುದು ಅವರ ಮನೆಯಲ್ಲಿ ನಿಷಿದ್ಧ. ಅದು ಅಪಶಕುನ ಎಂದು ಅವಳ ಅವ್ವನ ಕಾಲದಿಂದ ನಡೆದುಬಂದಿತ್ತು. ಹಾಗಾಗಿ ತಪ್ಪು ಎಂದು ತಿಳಿದೂ ಉಳಿದ ಹತ್ತು ಸಾಲು ನೇಯ್ದಿದ್ದಳು. "ಮಿಶಿನ್ನು ಮುಂದೆ ಎಲ್ಲಾದ್ರೂ ಸರಿ ಮಾಡ್ತೈತೇನೋ ಅಂತ ನೋಡ್ದೆ ಮೇಡಂ" ಎಂದಳು. ಅವಳು ನನ್ನನ್ನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರ್ಕಂಡಪ್ಪನವರು ನೀರು ತರಿಸಿ ಕೊಟ್ಟರು. ನಾನು ಕುಡಿದ ಮೇಲೆ ಕೇಳಿದರು.

"ಎಷ್ಟು ಕಾರ್ಡು ಹೊಡೆಸಿದ್ರಿ ತಾಯಿ?"

"ಅರವತ್ನಾಲ್ಕು."

"ನಾನು ಎಪ್ಪತ್ತೈದು ಅಂದಿದ್ದೆ."

ನಾನು ಮನಸ್ಸಿನಲ್ಲೇ ಕೂಡಿಸಿದೆ. ಐವತ್ತಮೂರು ಮೈ, ಹನ್ನೊಂದು ಮುಂದಿನ ತಲೆ, ಹನ್ನೊಂದು ಹಿಂದಿನ ತಲೆ. ಒಂದನೇ ಕ್ಲಾಸಿನ ಮಗು ಕೂಡಿಸುವ ಲೆಕ್ಕ. ಕಡಿಮೆ ಬಂದ ಆ ಹನ್ನೊಂದು ನನ್ನ ಜಾಣತನದ ಉಳಿತಾಯವಾಗಿರಲಿಲ್ಲ, ಕಳೆದುಹೋದ ಹನ್ನೊಂದು ಕಾರ್ಡುಗಳಾಗಿದ್ದವು.

ತಪ್ಪು ಆದದ್ದು ಎಲ್ಲಿ ಎಂದು ಬಸ್ಸಿನಲ್ಲೇ ಹೊಳೆಯಿತು. ಮಾಡಿ ಮುಗಿಸಿದ ಕೆಲಸವನ್ನು ಹಂಚಿಕೊಳ್ಳಬಹುದು, ಶೇಂಗಾಪುಡಿಯ ಡಬ್ಬಿಯ ಹಾಗೆ. ಆದರೆ ಖಾಲಿ ಜಾಗ ಇರುವ ಮಾತನ್ನೇ ಇಬ್ಬರು ಹಂಚಿಕೊಂಡಾಗ, ಮತ್ತು ಇಬ್ಬರೂ ಬೇರೆ ಬೇರೆ ತುಂಬಬೇಕಾದಾಗ, ಮೂಲದಲ್ಲಿ ಯಾರೂ ಬರೆಯಬಾರದು. ನನ್ನ ಪ್ರೋಗ್ರಾಮ್ ನಕಲು ಮಾಡುವ ಕೆಲಸ ಉಳಿಸಲು ಹೋಗಿ ಮೂಲದ ಗಿಳಿಗೇ ಮುಂದಿನ ತಲೆ ಇಟ್ಟಿತ್ತು. ಆಮೇಲೆ ಎರಡನೆಯ ಸಾಲಿಗೆ ಬಂದು ಅದೇ ಗಿಳಿಯ ತಲೆ ತೆಗೆದು ಹಿಂದಿನದ್ದು ಇಟ್ಟಿತ್ತು. ಎಲ್ಲ ಸಾಲಿನ ಬಾಣಗಳೂ ಆ ಒಂದೇ ಗಿಳಿಗೆ ಹೋಗುತ್ತಿದ್ದವು. ಹನ್ನೆರಡನೆಯ ಸಾಲು ಹಿಂದೆ ನೋಡುವುದು. ಕೊನೆಗೆ ಬರೆದದ್ದೇ ಎಲ್ಲರ ಪಾಲಿಗೂ ಬಂತು.

ಎರಡೇ ತಲೆ, ಕೈಯಲ್ಲೇ ತಿದ್ದಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಿದ್ದಬಹುದಿತ್ತು. ಆದರೆ ಒಂದು ಕಡೆ ಸುಳ್ಳು ಹೇಳಿದ ಪ್ರೋಗ್ರಾಮನ್ನು ಇನ್ನೊಂದು ಕಡೆ ನಂಬಿ ಸರೋಜಳ ಕೈಗೆ ಮತ್ತೆ ಹಾಳೆ ಕೊಡುವ ಎದೆ ನನಗಿರಲಿಲ್ಲ. ಹೇಗೂ ಮುಂದಿನ ಸೆರಗು ಬರುವುದಕ್ಕೆ ಇನ್ನೊಂದು ಸೀರೆಯ ಒಡಲು ಪೂರ್ತಿ ನೇಯಬೇಕಿತ್ತು. ಅದಕ್ಕೆ ಒಂದು ತಿಂಗಳು. ಆ ಒಂದು ತಿಂಗಳು ಮಾರ್ಕಂಡಪ್ಪನವರ ಕಣ್ಣಿಗೆ ಇತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಪುಸ್ತಕ ಹೇಳುವ ಪರಿಹಾರ ಸರಳ: ತುಂಬುವ ಮೊದಲು ಮಾತನ್ನೆಲ್ಲ ನಕಲು ಮಾಡಿಕೋ. ಮಾಡಿದೆ. ಹನ್ನೆರಡು ಸಾಲಿಗೆ ಹನ್ನೆರಡು ಪೂರ್ತಿ ಗಿಳಿ ಮೆಮೊರಿ ತುಂಬಿ, ಹನ್ನೊಂದನೆಯ ಸಾಲಿನಲ್ಲಿ ಯಂತ್ರ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಎರಡು ದಿನ ಮೆಮೊರಿಯನ್ನು ಬೈದೆ. ಮೂರನೆಯ ದಿನ ರಜೆ ಹಾಕಿ ಮೊಳಕಾಲ್ಮುರಿನ ಬಸ್ಸು ಹತ್ತಿದೆ.

"ಅಪ್ಪಾರೇ, ತಲೆ ಬದಲಿಸುವಾಗ ನೀವು ಕಾರ್ಡಿನ ಕಂತೆಯನ್ನು ಏನು ಮಾಡುತ್ತಿದ್ದಿರಿ? ನನಗೆ ತೋರಿಸಿ" ಎಂದೆ.

ಅವರು ಗೋಡೆ ಹಿಡಿದು ಎದ್ದು, ತಡವರಿಸಿ, ಮೊಳೆಯಿಂದ ಬೇರೊಂದು ವಿನ್ಯಾಸದ ಕಂತೆ ಇಳಿಸಿಕೊಂಡರು. ಅದು ನವಿಲಿನದು. ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಕಾರ್ಡು ಎಣಿಸಿದರು.

"ಇದು ಮೈ. ಇದನ್ನ ನಾನು ಬಿಚ್ಚಾದೇ ಇಲ್ಲ ತಾಯಿ. ಯಾವ ತಲೆ ಬಂದ್ರೂ ಮೈ ಇದೇನೇ. ತಲೆ ಕಾರ್ಡು ಮಾತ್ರ ಬ್ಯಾರೆ ದಾರದಾಗೆ ಕಟ್ಟಿರ್ತೀನಿ. ಇದು ಒಂದು ಥರ, ಇದು ಇನ್ನೊಂದು. ಬೇಕಾದ್ದು ತಂದು ಮೈಗೆ ಗಂಟು ಹಾಕ್ತೀನಿ, ಅಷ್ಟೇ. ಬದಲಾಗೋದು ಎಷ್ಟೋ ಅಷ್ಟೇ ಹೊಸದು. ಬದಲಾಗ್ದೇ ಇರೋದ್ನ ಯಾಕ್ರಿ ಇನ್ನೊಂದು ಸಲ ಹೊಡಿಬೇಕು?"

ಅವರು ಹೇಳಿದ್ದರಲ್ಲಿ ನನಗೆ ಬೇಕಾದ್ದೆಲ್ಲ ಇತ್ತು. ಗಿಳಿಯ ಫಂಕ್ಷನ್ನಿನಲ್ಲಿ ಖಾಲಿ ಜಾಗಕ್ಕೆ ಸಂಬಂಧಪಟ್ಟ ಭಾಗ ಯಾವುದು, ಸಂಬಂಧಪಡದ ಭಾಗ ಯಾವುದು ಎಂದು ಮೊದಲೇ ಗುರುತು ಮಾಡಬೇಕು. ಸಂಬಂಧಪಟ್ಟಷ್ಟನ್ನು ಮಾತ್ರ ನಕಲು ಮಾಡಿ, ಉಳಿದದ್ದಕ್ಕೆ ಹಳೆಯ ಬಾಣವನ್ನೇ ಇಡಬೇಕು. ಹೀಗೆ ಮಾಡಬಹುದು ಎಂದು ಪಂಡಿತರು ಬರೆದದ್ದನ್ನು ನಾನು ಓದಿದ್ದೆ, ಅಡಿಗೆರೆ ಎಳೆದಿದ್ದೆ. ಆದರೆ ಅದು ಯಾಕೆ ಬೇಕು ಎಂಬುದು ಅರ್ಥವಾದದ್ದು ಆ ನವಿಲಿನ ಕಂತೆಯನ್ನು ಅವರು ನನ್ನ ಕೈಯಲ್ಲಿ ಇಟ್ಟಾಗ.

ನಾಲ್ಕು ದಿನದಲ್ಲಿ ಪ್ರೋಗ್ರಾಮ್ ತಿದ್ದಿದೆ. ಓಡಲು ಆರು ನಿಮಿಷ ತೆಗೆದುಕೊಂಡಿತು, ಮೊದಲಿಗಿಂತ ಎರಡು ನಿಮಿಷ ಹೆಚ್ಚು. ಕೊನೆಯ ಸಾಲು ಬಂತು: 75. ಈ ಸಲ ಟೀ ತರಿಸಲಿಲ್ಲ. ಹೊಸ ರಿಬ್ಬನ್ ಹಾಕಿ ಇಡೀ ಸೆರಗನ್ನು ಅಚ್ಚು ಹಾಕಿಸಿ, ಹಾಳೆಗಳನ್ನು ಅಂಟಿಸಿ, ಲ್ಯಾಬಿನ ನೆಲದ ಮೇಲೆ ಹಾಸಿ, ಮಂಡಿಯೂರಿ ನಲವತ್ತೆಂಟು ಗಿಳಿಗಳ ಕೊಕ್ಕನ್ನೂ ಒಂದೊಂದಾಗಿ ನೋಡಿದೆ. ಪ್ರಿನ್ಸಿಪಾಲರು ಬಾಗಿಲಲ್ಲಿ ಬಂದು ನಿಂತು, ನೋಡಿ ಹೊರಟುಹೋದರು.

ಸರೋಜ ಕಳೆದುಹೋಗಿದ್ದ ಹನ್ನೊಂದು ತಲೆ ಕಾರ್ಡುಗಳನ್ನು ಮೂರು ದಿನದಲ್ಲಿ ಹೊಡೆದಳು. ಮುಂದಿನ ಸೀರೆಯ ಒಡಲನ್ನು ಹಗಲಿಡೀ ಕೂತು ನೇಯ್ದಳು. ನೆರೆಮನೆಯವರು ಇವಳಿಗೇನು ಹುಚ್ಚೇ ಎಂದು ಕೇಳಿದರಂತೆ. ತಿಂಗಳ ಕೆಲಸವನ್ನು ಇಪ್ಪತ್ತೆರಡು ದಿನಕ್ಕೆ ಇಳಿಸಿ, ಫೆಬ್ರವರಿ ಕೊನೆಯಲ್ಲಿ ಮತ್ತೆ ಸೆರಗು ಹತ್ತಿಸಿದಳು.

ಮಾರ್ಚ್ ಮೊದಲ ವಾರದಲ್ಲಿ ಹೋದೆ. ಬಿಸಿಲು ಜನವರಿಗಿಂತ ಜೋರಾಗಿ ಮಗ್ಗದ ಮೇಲೆ ಬಿದ್ದಿತ್ತು. ಹನ್ನೆರಡು ಸಾಲೂ ಮುಗಿದಿದ್ದವು. ಮುಂದೆ, ಹಿಂದೆ, ಮುಂದೆ, ಹಿಂದೆ. ಸರೋಜ ಅಪ್ಪನ ಕೈ ಹಿಡಿದು ತಂದು ಮಗ್ಗದ ಪಕ್ಕ ಕೂರಿಸಿದಳು. ಮಾರ್ಕಂಡಪ್ಪನವರು ಮೊದಲಿನಂತೆಯೇ ಮುಖ ವಾರೆ ಮಾಡಿದರು.

"ಕಾಣ್ತೈತೇನಪ್ಪಾ?"

"ಕಾಣ್ತೈತೆ ಕಣಮ್ಮ. ಚೆನ್ನಾಗಿ ಬಂದೈತೆ. ಮೇಡಮ್ಮ ಸರಿ ಮಾಡ್ಯಾರೆ ನೋಡು."

ಸೆರಗು ಅವರ ಎಡಗಡೆ ಇತ್ತು. ಅವರು ಬಲಗಡೆಯ ಗೋಡೆಯನ್ನು ನೋಡುತ್ತಿದ್ದರು.

ಸರೋಜ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಾರದೆ ನೆಲ ನೋಡಿದೆ. ಅವಳು ಅಪ್ಪನ ಬಲಗೈ ಎತ್ತಿ ಬಟ್ಟೆಯ ಮೇಲೆ ಇಟ್ಟಳು. ಅವರು ಬೆರಳಿನಲ್ಲಿ ಜರಿಯ ಉಬ್ಬನ್ನು ಹುಡುಕಿ, ಒಂದು ಗಿಳಿಯ ಬಾಲದಿಂದ ಮೈ, ಮೈಯಿಂದ ಕತ್ತಿನವರೆಗೆ ಬಂದು ನಿಂತರು. ಅಲ್ಲಿಂದ ಮೇಲಿನ ಸಾಲಿಗೆ ಹೋದರು. ನಂತರ ಮಗಳಿಗೆ ಹೇಳಿದರು, "ಮುಂದ್ಲದು ನೀನೇ ಬರಿ. ಕುಂತ್ಕ, ಹೇಳಿಕೊಡ್ತೀನಿ." ಅಂದಿನಿಂದ ಅವರು ತೀರಿಕೊಳ್ಳುವವರೆಗೆ, ನಾಲ್ಕು ವರ್ಷ, ಅವರು ಬಾಯಲ್ಲಿ ಹೇಳಿ ಸರೋಜ ಕೈಯಲ್ಲಿ ಬರೆದು ಏಳು ವಿನ್ಯಾಸ ಮಾಡಿದರು. ಅವುಗಳಲ್ಲಿ ಯಾವುದಕ್ಕೂ ನನ್ನ ಪ್ರೋಗ್ರಾಮ್ ಬೇಕಾಗಲಿಲ್ಲ.

ನನಗೆ ಪಿಎಚ್‌ಡಿ ಬಂತು. ಪ್ರಬಂಧದಲ್ಲಿ ಜನವರಿಯ ಆ ತಪ್ಪಿಗೆ ಒಂದು ವಾಕ್ಯವಿದೆ: ಮೊದಲ ಆವೃತ್ತಿಯಲ್ಲಿ ಹಂಚಿಕೊಂಡ ಫಂಕ್ಷನ್ನಿನ ಮೇಲೆ ತಿದ್ದುಪಡಿಯಾಗುವ ದೋಷವಿತ್ತು, ನಂತರ ಸರಿಪಡಿಸಲಾಯಿತು. ಪರೀಕ್ಷಕರು ಅದರ ಬಗ್ಗೆ ಏನೂ ಕೇಳಲಿಲ್ಲ.

ತಪ್ಪಾದ ಆ ಮೊದಲ ಸೀರೆಯನ್ನು ನಾನೇ ತೆಗೆದುಕೊಂಡೆ. ನಿವೃತ್ತಿಯವರೆಗೆ, ಪ್ರತಿ ವರ್ಷ ಹಂಚಿಕೆಯ ಗ್ರಾಫ್ ಪಾಠ ಮಾಡುವ ದಿನ ಅದನ್ನೇ ಉಟ್ಟು ಕ್ಲಾಸಿಗೆ ಹೋಗುತ್ತಿದ್ದೆ. ಉತ್ತರ ಬೇಗ ಬಂದರೆ ಸಂತೋಷಪಡಿ, ನೀವು ನಿರೀಕ್ಷಿಸಿದ್ದಕ್ಕಿಂತ ಚಿಕ್ಕದಾಗಿ ಬಂದರೆ ಕೆಲಸ ಬಲ್ಲವರನ್ನು ಒಂದು ಮಾತು ಕೇಳಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಕೇಳಿದವರಿಗೆ ಉತ್ತರ ಕೊಡುವ ಮೊದಲು ನೀವೂ ಒಮ್ಮೆ ಎಣಿಸಿ ಎಂದೂ ಹೇಳುತ್ತಿದ್ದೆ. ಪ್ರತಿ ವರ್ಷವೂ ಮುಂದಿನ ಬೆಂಚಿನ ಯಾರಾದರೊಬ್ಬರು ಕೇಳಿಯೇ ಕೇಳುವರು, "ಚೆನ್ನಾಗೈತೆ ಮೇಡಂ ಸೀರೆ, ಆದ್ರೆ ಗಿಳಿ ಎಲ್ಲಾ ಯಾಕೆ ಹಿಂದಕ್ಕೇ ನೋಡ್ತಾವೆ?" ಆಗ ಕಾರಣ ಹೇಳುತ್ತಿದ್ದೆ. ಮಾರ್ಕಂಡಪ್ಪನವರು ಕಣ್ಣಿನಿಂದ ನೋಡಿದ ಕೊನೆಯ ಸೆರಗು ಇದೇ ಎಂಬುದನ್ನು ಮಾತ್ರ ಯಾವ ವರ್ಷವೂ ಹೇಳಲಾಗಲಿಲ್ಲ.